ಭಂಡಾರದ ಡಬ್ಬಿಯೊಳಗಿನ ಸ್ಪ್ರಿಂಗು

ಕಳೆದ ಸೂಟಿಗೆ ಬಂದಾಗ ನಿಮ್ಮಲ್ಲೊಬ್ಬರು ದೇವರ ಜಗಲಿಯ ಮೇಲಿನ ಹಿತ್ತಾಳೆ ಡಬ್ಬಿಯ ಮುಚ್ಚಳ ತೆಗೆದು, ಭಂಡಾರದೊಳಗೆ ಬೆರಳಾಡಿಸಿ, "ಆಯೀ, ಇದರಾಗ ಸ್ಪ್ರಿಂಗ್ ಐತಿ!" ಎಂದು ಕೂಗಿದ್ದು ನೆನಪಿದೆಯೇ? ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. "ಇರ್ಲಿ, ಅಲ್ಲೇ ಇಡು" ಎಂದಷ್ಟೇ ಹೇಳಿದೆ. ನೀವು ಮೂವರೂ ಬಂದು ಸುತ್ತ ಕುಳಿತು ಯಾಕೆ, ಎಲ್ಲಿಂದ ಬಂತು, ಯಾರು ಹಾಕಿದರು ಎಂದು ಕೇಳಿದಿರಿ. ನಾನು ರೊಟ್ಟಿ ತಿರುವಿ ಹಾಕಿ ಸುಮ್ಮನಾದೆ.

ನನಗೆ ಬಾಯಿಂದ ಹೇಳುವುದು ಮೊದಲಿನಿಂದಲೂ ಬಾರದು. ಮೂರು ಮಂದಿ ನನ್ನ ಮುಖ ನೋಡುತ್ತ ಕುಳಿತರೆ, ಅವರು ನನ್ನ ಮೊಮ್ಮಕ್ಕಳೇ ಆಗಿರಲಿ, ಮಾತು ಗಂಟಲವರೆಗೆ ಬಂದು ತಿರುಗಿ ಹೋಗುತ್ತದೆ. ಬರೆಯುವುದಾದರೆ ಅಷ್ಟು ತೊಂದರೆಯಿಲ್ಲ. ಕಾಗದ ನನ್ನ ಮುಖ ನೋಡುವುದಿಲ್ಲ. ನನ್ನ ತವರೂರು ಸತ್ತಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇಷ್ಟು ವರ್ಷ ದಿನಸಿ ಯಾದಿ ಬರೆಯಲು ಬಿಟ್ಟರೆ ಬೇರೆ ಕೆಲಸಕ್ಕೆ ಬಂದಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಭಂಡಾರವೆಂದರೆ ಅರಿಶಿನ ಪುಡಿಯೇ. ಆದರೆ ಅಡುಗೆಮನೆಯಲ್ಲಿದ್ದಾಗ ಅದು ಅರಿಶಿನ, ದೇವರ ಮುಂದೆ ಬಂದರೆ ಭಂಡಾರ. ನಮ್ಮ ಕಡೆ ಅದನ್ನು ಚಿಟಿಕೆಯಲ್ಲಿ ಹಾಕುವ ಪದ್ಧತಿಯಿಲ್ಲ. ಮುಷ್ಟಿ ತುಂಬ ಹಿಡಿದು ತೂರುತ್ತಾರೆ. ದೇವರ ಮೈಮೇಲೆ, ಎತ್ತಿನ ಬೆನ್ನ ಮೇಲೆ, ಹೊಸದಾಗಿ ತಂದ ಟ್ರ್ಯಾಕ್ಟರಿನ ಮೇಲೆ. ತೂರಿದವರ ಹುಬ್ಬು ರೆಪ್ಪೆಯೆಲ್ಲ ಹಳದಿಯಾಗಬೇಕು, ಆಗ ಹರಕೆ ಮುಟ್ಟಿತೆಂದು ಸಮಾಧಾನ. ಈ ಧಾರಾಳತನವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವುದೆಲ್ಲ ಅದರಿಂದಲೇ.

ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಕೊನೆಯವರೆಗೂ ಅಮಾವಾಸ್ಯೆಯ ದಿನ ಗಾಡಿ ಪೂಜೆಗೆ ನಾನು ತಟ್ಟೆ ಹಿಡಿದು ಹೊರಗೆ ಬಂದ ಕೂಡಲೇ ಬಾನೆಟ್ ಮುಚ್ಚಿ, ಅದರ ಮೇಲೆ ಎರಡೂ ಕೈ ಊರಿ ನಿಂತು, "ಹಾಂ, ಈಗ ಒಗಿ" ಎನ್ನುತ್ತಿದ್ದರು. ನಿಮ್ಮ ಅಪ್ಪಂದಿರು ಚಿಕ್ಕವರಿದ್ದಾಗ ಇದೂ ಪೂಜೆಯ ಒಂದು ವಿಧಿ ಎಂದೇ ತಿಳಿದಿದ್ದರು. ನಾನೂ ತಿದ್ದಲಿಲ್ಲ.

ಎಂಜಿನ್ನಿನ ವಿಷಯ ಹೇಳಬೇಕೆಂದರೆ ಮೊದಲು ಸತ್ತಿಗೆ ಹೋಗಬೇಕು. ನನ್ನ ತವರುಮನೆಯ ಹಿತ್ತಲು ದಾಟಿದರೆ ಕೃಷ್ಣಾ ಹೊಳೆ. ದಂಡೆಯ ಮೇಲೆ ಸಾಲಾಗಿ ನೀರೆತ್ತುವ ಡೀಸೆಲ್ ಎಂಜಿನ್ನುಗಳು. ಅವುಗಳ ದನಿ ಕೇಳಿಯೇ ಯಾರ ಹೊಲಕ್ಕೆ ನೀರು ಹೋಗುತ್ತಿದೆ ಎಂದು ನಮ್ಮವ್ವ ಒಳಗೆ ಕುಳಿತು ಹೇಳುತ್ತಿದ್ದಳು. ನನಗೆ ದನಿಗಿಂತ ಅದರ ದೊಡ್ಡ ಗಾಲಿಯ ಮೇಲೆ ಕಣ್ಣು. ಅಪ್ಪ ಎಂಜಿನ್ ಬಂದ್ ಮಾಡಿದ ಮೇಲೂ ಆ ಗಾಲಿ ನಿಲ್ಲುತ್ತಿರಲಿಲ್ಲ. ಹೊಗೆ ನಿಂತಿದೆ, ನೀರು ನಿಂತಿದೆ, ಗಾಲಿ ಮಾತ್ರ ಗರಗರ ತಿರುಗುತ್ತಿದೆ. ನಾನು ಕೆಸರಿನಲ್ಲಿ ಕಾಲೂರಿ ಅದು ನಿಲ್ಲುವವರೆಗೆ ಎಣಿಸುತ್ತಿದ್ದೆ. ಒಂದು ಸಲ ನಲವತ್ತೇಳಕ್ಕೆ ನಿಂತಿತು. ಅದಕ್ಕಿಂತ ಹೆಚ್ಚು ಎಣಿಸುವ ಯೋಗ ಬರಲಿಲ್ಲ.

"ಯಾಕಪ್ಪಾ ಅದು ಲಗೂನ ನಿಂದ್ರೂದಿಲ್ಲ?" ಎಂದು ಕೇಳಿದರೆ ಅಪ್ಪ, "ನಿಮ್ಮವ್ವನ ಸಿಟ್ಟ ಲಗೂನ ಇಳೀತೈತೇನ? ಇದೂ ಹಂಗ" ಎನ್ನುತ್ತಿದ್ದ.

ಹೀಗಾಗಿ, ಎಂಜಿನ್ನುಗಳೆಲ್ಲ ಶಾಂತವಾಗಲು ಹೊತ್ತು ತೆಗೆದುಕೊಳ್ಳುತ್ತವೆ ಎಂಬ ಜ್ಞಾನವನ್ನು ಸೀರೆ, ಬಳೆ, ಪಾತ್ರೆಗಳ ಜೊತೆಗೆ ತವರಿನಿಂದ ತಂದುಕೊಂಡೇ ನಾನು ದಿಗ್ಗೇವಾಡಿಗೆ ಸೊಸೆಯಾಗಿ ನಡೆಯಲು ಬಂದೆ.

ಈ ಮನೆಗೆ ಕಾರು ಬಂದದ್ದು ನಿಮ್ಮ ದೊಡ್ಡಪ್ಪ ಹುಟ್ಟಿದ ಮೇಲೆ. ಬೂದಿ ಬಣ್ಣದ ಹಳೆಯ ಕಾರು. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರು ಓಡಿಸಿ ಬಿಟ್ಟದ್ದು. ಅದರ ಸೀಟಿನಿಂದ ತಂಬಾಕಿನ ವಾಸನೆ ಎಷ್ಟು ತೊಳೆದರೂ ಹೋಗಲಿಲ್ಲ. ಮೊದಲ ಸಲ ಹಿಂದೆ ಕುಳಿತು ಚಿಕ್ಕೋಡಿಗೆ ಹೋಗಿ ಬಂದಾಗ ನನಗೆ ಸೀನು ನಿಲ್ಲಲಿಲ್ಲ. ಮಾವನವರು ಮುಂದಿನ ಸೀಟಿನಲ್ಲಿದ್ದರು. ಸೊಸೆ ಸೀನುವುದು ಮಾವನಿಗೆ ಕೇಳಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ.

ಮಾವನವರು ನನ್ನೊಂದಿಗೆ ನೇರ ಮಾತನಾಡುತ್ತಿರಲಿಲ್ಲ. ಸಿಟ್ಟಿನಿಂದಲ್ಲ, ಮರ್ಯಾದೆಯಿಂದ. ನೀರು ಬೇಕಾದರೆ ಗೋಡೆಗೆ ಹೇಳಿದಂತೆ, "ಯಾರರ ಒಂದ ತಂಬಿಗಿ ನೀರ ಕೊಡ್ರೆವಾ" ಎನ್ನುತ್ತಿದ್ದರು. ಮನೆಯಲ್ಲಿ ನಾನೊಬ್ಬಳೇ ಇದ್ದರೂ ಆ "ಯಾರರ" ತಪ್ಪುತ್ತಿರಲಿಲ್ಲ. ನಾನು ನೀರು ಇಟ್ಟು ಬಾಗಿಲ ಮರೆಗೆ ಸರಿಯುತ್ತಿದ್ದೆ. ಹತ್ತು ವರ್ಷ ಹೀಗೆ ನಡೆಯಿತು.

ಅಷ್ಟರಲ್ಲಿ ನಿಮ್ಮ ಮುತ್ಯಾನ ಕಾಲಿಗೆ ಪೆಟ್ಟಾಯಿತು. ಕಬ್ಬು ತುಂಬಿದ ಚಕ್ಕಡಿಯ ಗಾಲಿ ಬಲಪಾದದ ಮೇಲೆ ಹಾದುಹೋಯಿತು. ಎಲುಬು ಕೂಡಿತು, ಗಾಯವೂ ಮಾಯಿತು. ಆದರೆ ಪಾದದ ಮುಂಭಾಗಕ್ಕೆ ಸ್ಪರ್ಶ ತಿರುಗಿ ಬರಲಿಲ್ಲ. ಚಪ್ಪಲಿ ಕಳಚಿ ಬಿದ್ದರೂ ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡಿಕೊಳ್ಳುವವರು. ಕಬ್ಬಿಗೆ ನೀರು ಹಾಯಿಸಲು ಕೆಸರಿನಲ್ಲಿ ನಿಲ್ಲುವಂತಿಲ್ಲ, ನೇಗಿಲ ಹಿಂದೆ ನಡೆಯುವಂತಿಲ್ಲ. ಒಕ್ಕಲುತನದ ಮನೆಯಲ್ಲಿ ಮೂವತ್ತೈದರ ಗಂಡಸು ಕಟ್ಟೆಯ ಮೇಲೆ ಕುಳಿತಿರುವುದೆಂದರೆ ಹೇಗಿರುತ್ತದೆ, ನಾನು ಬರೆಯಲಾರೆ.

ಕಾರಿನಲ್ಲಿ ಕುಳಿತಾಗ ಮಾತ್ರ ಆ ಕಾಲು ಯಾರಿಗೂ ಕಾಣುತ್ತಿರಲಿಲ್ಲ. ಊರಿನಲ್ಲಿ ಯಾರಿಗೆ ಬೇನೆ ಬರಲಿ, ಯಾರ ಮಗುವಿಗೆ ಜ್ವರ ಏರಲಿ, ಮೊದಲು ನಮ್ಮ ಅಂಗಳಕ್ಕೆ ಓಡಿ ಬರುತ್ತಿದ್ದರು. ರಾಯಬಾಗ, ಅಥಣಿ, ಕಾಗವಾಡ, ಎಲ್ಲಿಗೆಂದರೂ ಮುತ್ಯಾ ಎದ್ದು ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದರು. ಸ್ಟೇರಿಂಗ್ ಹಿಡಿದಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ನಾನು ಕಿಟಕಿಯಿಂದ ಆ ಬೆನ್ನನ್ನು ನೋಡುತ್ತಿದ್ದೆ.

ಕಾಲಿಗೆ ಪೆಟ್ಟಾದ ಮೇಲೆ ಅವರು ಮೊದಲ ಸಲ ಗಾಡಿ ತೆಗೆದದ್ದು ಒಂದು ಅಮಾವಾಸ್ಯೆಯ ಮುಂಜಾನೆ. ರೇಡಿಯೇಟರಿಗೆ ನೀರು ಹಾಕಲು ಬಾನೆಟ್ ಎತ್ತಿಟ್ಟು ಒಳಗೆ ಬಂದಿದ್ದರು. ನಾನು ಪೂಜೆಯ ತಟ್ಟೆ ಹಿಡಿದು ಹೋದೆ. ಅವರು ಮತ್ತೆ ಗಾಡಿ ಹೊಡೆಯುವಂತಾದರೆ ಪ್ರತಿ ಅಮಾವಾಸ್ಯೆಗೆ ಭಂಡಾರ ಹಾಕುತ್ತೇನೆಂದು ದೇವರಿಗೆ ಬೇಡಿಕೊಂಡಿದ್ದೆ. ಎಲ್ಲರೂ ಬಾನೆಟ್ಟಿನ ಮೇಲೆ ಹಾಕುತ್ತಾರೆ. ನನಗೆ ಅನ್ನಿಸಿತು, ತಗಡಿಗೆ ಹಾಕಿ ಏನು ಬಂತು? ಓಡುವುದು ಒಳಗಿನದಲ್ಲವೇ, ಕಾಯಬೇಕಾದದ್ದು ಅದನ್ನಲ್ಲವೇ?

ಒಳಗೆ ಇಣುಕಿದೆ. ಎಣ್ಣೆ ಜಿನುಗಿದ ಕಪ್ಪು ಕಬ್ಬಿಣ, ಕೊಳವೆ, ತಂತಿ. ದೇವರ ಗರ್ಭಗುಡಿಯೂ ಹೀಗೆಯೇ ಎಣ್ಣೆಯಿಂದ ಕಪ್ಪಾಗಿರುತ್ತದೆ. ಕೈಮುಗಿದು ಒಂದು ಮುಷ್ಟಿ ತೂರಿದೆ. ಕಾಯಿ ಒಡೆದ ನೀರನ್ನೂ ಚಿಮುಕಿಸಿದೆ.

ಅತ್ತೆ ಹೊಸ್ತಿಲಲ್ಲಿ ನಿಂತು ನೋಡಿದರು. "ಯವ್ವಾ, ಒಳಗ್ಯಾಕ ಹಾಕ್ತಿ? ಅದೇನ ಸಾರಿನ ಹಂಡೇನ?"

"ಇರ್ಲಿ ಬಿಡ್ರಿ ಅತ್ತಿ" ಎಂದೆ. ಅತ್ತೆಗೆ ನಾನು ಎದುರಾಡಿದ್ದು ಅದೊಂದೇ ಸಲ, ಆ ಒಂದು ಸಲವೂ ತಪ್ಪಾದದ್ದಕ್ಕೆ!

ಎರಡನೆಯ ಅಮಾವಾಸ್ಯೆಗೂ ಹಾಕಿದೆ, ಮೂರನೆಯದಕ್ಕೂ. ಈ ನಡುವೆ ಕಾರಿನ ಸ್ವಭಾವ ಬದಲಾಯಿತು. ಮೊದಲು ಮುತ್ಯಾ ಅಂಗಳಕ್ಕೆ ಬಂದು ಎಕ್ಸಲೇಟರಿನಿಂದ ಕಾಲು ತೆಗೆದರೆ ಅದು ಥಟ್ಟನೆ ತಣ್ಣಗಾಗುತ್ತಿತ್ತು. ಈಗ ನಿಂತ ಮೇಲೂ "ಗಂವ್" ಎಂದು ಕೂಗಿ, ಆಮೇಲೆ ಬೇಕೋ ಬೇಡವೋ ಎಂಬಂತೆ ನಿಧಾನವಾಗಿ ಇಳಿಯುತ್ತಿತ್ತು. ಎಮ್ಮೆಗಳು ಹಗ್ಗ ಜಗ್ಗುತ್ತಿದ್ದವು. ನಾನು ಒಳಗೆ ನಿಂತು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಇದಕ್ಕೂ ನಮ್ಮ ಸತ್ತಿಯ ಎಂಜಿನ್ನಿನ ಗುಣ ಬಂತಲ್ಲ ಎಂದು ಒಳಗೊಳಗೇ ಖುಷಿಯಾಯಿತು. ನನ್ನ ಬುದ್ಧಿ ಅಷ್ಟಿತ್ತು.

ನಿಂತ ಗಾಡಿ ಕೂಗಿದರೆ ಎಮ್ಮೆ ಮಾತ್ರ ಬೆದರುತ್ತದೆ. ಓಡುವ ಗಾಡಿಯಲ್ಲಿ ಕಾಲು ತೆಗೆದ ಮೇಲೂ ಎಂಜಿನ್ನು ಮುಂದೆ ಎಳೆದರೆ? ಹಾರೂಗೇರಿಯ ಸಂತೆಯ ದಿನ ಅದೇ ಆಯಿತು. ಮಾವನವರು ಪಕ್ಕದಲ್ಲಿದ್ದರು, ಹಿಂದೆ ಊರಿನ ಐದು ಮಂದಿ. ಎದುರಿಗೆ ಕುರಿ ಹಿಂಡು ಅಡ್ಡ ಬಂತು. ಮುತ್ಯಾ ಕಾಲು ತೆಗೆದರು, ಗಾಡಿ ಕೇಳಲಿಲ್ಲ. ಬ್ರೇಕನ್ನು ಜೋರಾಗಿ ಒತ್ತಿ ಹಿಡಿದಾಗ, ಕಟ್ಟಕಡೆಯ ಕುರಿಯ ಬಾಲಕ್ಕೆ ಗೇಣು ದೂರದಲ್ಲಿ ನಿಂತಿತು. ಕುರುಬ ಕೋಲಿನಿಂದ ಬಾನೆಟ್ಟಿಗೆ ಬಡಿದು, "ಏನ್ರೀ ಸಾವಕಾರ್ರ, ನಿಮ್ಮ ಮೋಟಾರಿಗೆ ಮಟನ್ ತಿನ್ನೂ ಹುಕಿ ಬಂದೈತೇನ?" ಎಂದನಂತೆ. ಸಂತೆಯೆಲ್ಲ ನಕ್ಕಿತು.

ಮನೆಗೆ ಬಂದ ಮೇಲೆ ಮಾವನವರು ಟೊಪ್ಪಿಗೆ ತೆಗೆದು ಕಟ್ಟೆಯ ಮೇಲೆ ಕುಳಿತರು. "ಕೀಲಿ ಕೊಡು."

"ಅಪ್ಪಾ, ನಾ ಕಾಲ ತಗದಿದ್ನಿ" ಎಂದರು ಮುತ್ಯಾ.

"ತಗದಿದ್ದಿ ಅಂತ ನಿನಗ ಅನಸ್ತೈತಿ. ನಿನ್ನ ಕಾಲಿಗೆ ಖಬರ್ ಎಲ್ಲೈತಿ? ಇವತ್ತ ಕುರಿ, ನಾಳಿ ಯಾರದರ ಕೂಸ ಇದ್ರ?"

ಮುತ್ಯಾ ಕೀಲಿ ಕೊಟ್ಟರು. ಮಾವನವರು ಅದನ್ನು ದೇವರ ಜಗಲಿಯ ಮೇಲೆ, ಇದೇ ಡಬ್ಬಿಯ ಪಕ್ಕ ಇಟ್ಟರು. ಅಲ್ಲಿಟ್ಟದ್ದನ್ನು ಅವರು ಹೇಳದೆ ಯಾರೂ ಮುಟ್ಟುವಂತಿರಲಿಲ್ಲ.

ಆ ದಿನ ಊಟಕ್ಕೆ ಬಡಿಸುವಾಗ ಮುತ್ಯಾ ನನಗೆ ಮೆಲ್ಲಗೆ ಹೇಳಿದರು: "ತಗದಿದ್ನೋ ಇಲ್ಲೋ, ನನಗ ಖರೇನ ಗೊತ್ತಿಲ್ಲ ನೋಡು." ಅಪ್ಪ ಬೈದದ್ದಕ್ಕೆ ಅವರಿಗೆ ನೋವಾಗಿರಲಿಲ್ಲ. ತಮ್ಮ ಕಾಲನ್ನು ತಾವೇ ನಂಬದಂತಾದದ್ದಕ್ಕೆ ಆಗಿತ್ತು.

ಆದರೂ ಮಾವನವರು ಅನ್ಯಾಯದ ಮನುಷ್ಯರಲ್ಲ. ಎಂಜಿನ್ನನ್ನೂ ಒಮ್ಮೆ ತೋರಿಸಿಬಿಡೋಣ, ಅದು ಸರಿಯಿದ್ದರೆ ಗಾಡಿ ಮಾರಿಬಿಡೋಣ ಎಂದು ನಿಪ್ಪಾಣಿಗೆ ಹೇಳಿಕಳಿಸಿದರು. ವ್ಯಾಪಾರಿಯ ಕಾಲದಿಂದಲೂ ಈ ಕಾರನ್ನು ನೋಡಿಕೊಂಡಿದ್ದ ಬಾಪೂ ಮಿಸ್ತ್ರಿ ಮೊದಲ ಬಸ್ಸಿಗೆ ಬಂದಿಳಿದರು. ಅರವತ್ತು ದಾಟಿದ ಸಣಕಲು ಮನುಷ್ಯ. ಹೆಗಲಿಗೊಂದು ಖಾಕಿ ಚೀಲ. ಎಂಜಿನ್ನುಗಳ ನಡುವೆಯೇ ಬದುಕಿ ಎರಡೂ ಕಿವಿ ಪೂರಾ ಹೋಗಿದ್ದವು.

ಮಾವನವರು ಕೈ ಬಾಯಿಗೆ ಹಿಡಿದು ಅರಚಿದರು: "ಕಿವಿ ಕೇಳಿಸ್ದಿದ್ರ ಎಂಜಿನ್ ಹ್ಯಾಂಗ ನೋಡ್ತಿರಿ?"

"ಒದರಬ್ಯಾಡ್ರಿ ಸಾವಕಾರ್ರ, ಉಪಯೋಗಿಲ್ಲ. ಮುಖಾ ತೋರಿಸಿ ಅನ್ರಿ, ತುಟಿ ನೋಡಿ ತಿಳ್ಕೋತೀನಿ. ಎಂಜಿನ್ನಿಗೆ ತುಟಿ ಇಲ್ಲಲ್ಲ, ಅದಕ್ಕ ಬ್ಯಾರೆ ಉಪಾಯ ಐತಿ" ಎಂದು ನಕ್ಕು ಚೀಲದಿಂದ ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್ ತೆಗೆದರು.

ಮುಂದೆ ನಾನು ಕಂಡದ್ದನ್ನು ಇಂದಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಕೀಲಿ ಜಗಲಿಯ ಮೇಲೆಯೇ ಇತ್ತು, ಅವರು ಎರಡು ತಂತಿ ಜೋಡಿಸಿ ಎಂಜಿನ್ ಚಾಲೂ ಮಾಡಿದರು. ಬಾನೆಟ್ಟಿನೊಳಗೆ ಬಾಗಿ, ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣಕ್ಕೆ ಆನಿಸಿ, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಕಣ್ಣು ಮುಚ್ಚಿದರು. ಒಂದು ಬೆರಳೆತ್ತಿದರೆ ಮುತ್ಯಾ ಎಕ್ಸಲೇಟರ್ ಒತ್ತಬೇಕು, ಇಳಿಸಿದರೆ ಬಿಡಬೇಕು. ನಮ್ಮ ಕಿವಿಗೆ ಬರೀ ಗದ್ದಲ. ಅವರಿಗೆ ಹಲ್ಲಿನ ಮೂಲಕ ಅದರ ಒಂದೊಂದು ಉಸಿರೂ ತಿಳಿಯುತ್ತಿತ್ತು. ಕೆನ್ನೆಯ ಎಲುಬು ನಡುಗುವುದು ಬಾಗಿಲ ಸಂದಿಯಲ್ಲಿ ನಿಂತ ನನಗೂ ಕಾಣಿಸುತ್ತಿತ್ತು. ಕಿವಿಯಿದ್ದೂ ನಾಲ್ಕರವರೆಗೆ ಎಣಿಸುವುದಷ್ಟೇ ಗೊತ್ತಿದ್ದ ನನಗೆ, ಮೈಯಲ್ಲಿ ಇಷ್ಟು ದಾರಿಗಳಿವೆ ಎಂದು ಆ ದಿನವೇ ತಿಳಿದದ್ದು.

"ಖರೆ. ರೇಸ್ ಇಳೀವಲ್ದು" ಎಂದರು ಹಿಡಿಯನ್ನು ಬಾಯಿಂದ ತೆಗೆದು. "ಒಂದೋ ಎಲ್ಲೋ ಕಳ್ಳಗಾಳಿ ಒಳಗ ಹೊಕ್ಕೊಳ್ಳಾಕತ್ತೈತಿ, ಇಲ್ಲಾ ಪೆಟ್ರೋಲ್ ಬಾಗಲಾ ಪೂರಾ ಮುಚ್ಚವಲ್ದು. ಇಲ್ಲಾ..." ಮುತ್ಯಾನ ಕಾಲಿನ ಕಡೆ ನೋಡಿ ಮಾತು ನಿಲ್ಲಿಸಿದರು.

ಕಳ್ಳಗಾಳಿಯನ್ನು ಹಿಡಿಯಲು ಒಂದು ಎಣ್ಣೆಬುಡ್ಡಿ ತೆಗೆದರು. ಕೊಳವೆಗಳು ಕೂಡುವ ಒಂದೊಂದು ಸಂದಿಗೂ ಒಂದೊಂದು ಹನಿ. ಗಾಳಿ ಎಳೆಯುತ್ತಿದ್ದರೆ ಹನಿಯೂ ಒಳಗೆ ಹೋಗಿ ಎಂಜಿನ್ನಿನ ದನಿ ಬದಲಾಗುತ್ತದಂತೆ. ಹನಿ ಬಿಡುವುದು, ಹಲ್ಲು ಕಚ್ಚುವುದು. ಏಳೆಂಟು ಸಂದಿ ಆದವು. ತಲೆಯಲ್ಲಾಡಿಸಿದರು. "ಗಾಳಿ ಎಲ್ಲೂ ಇಲ್ಲ."

ಬಳಿಕ ಕಾರ್ಬುರೇಟರಿನ ಪಕ್ಕದಲ್ಲಿ ಆ ಪೆಟ್ರೋಲ್ ಬಾಗಿಲನ್ನು ತೆರೆದು ಮುಚ್ಚುವ ಸಣ್ಣ ತೋಳನ್ನು ಹೆಬ್ಬೆರಳಿನಿಂದ ಹಿಡಿದು ತಾವೇ ಎಳೆದರು. ಎಂಜಿನ್ನು ಕೂಗಿತು. ತಿರುಗಿ ಹಿಂದಕ್ಕೆ ತಂದಿಟ್ಟರು. ಥಟ್ಟನೆ ಇಳಿಯಿತು. ಮತ್ತೆ ಎಳೆದರು, ತಂದರು. ಮತ್ತೆ ಥಟ್ಟನೆ ಇಳಿಯಿತು.

ಮಾವನವರು ಎದ್ದು ನಿಂತರು. "ಮುಗೀತು. ಕೈಲೆ ಮಾಡಿದ್ರ ಇಳೀತೈತಿ, ಕಾಲಲೆ ಮಾಡಿದ್ರ ಇಳೀವಲ್ದು. ಎಂಜಿನ್ ಸುದ್ದ ಐತಿ." ದನಿ ಸಣ್ಣದಾಯಿತು. "ಮಾರಿಬಿಡೂಣು."

ಮುತ್ಯಾ ಸೀಟಿನಿಂದ ಇಳಿಯಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೆಯೇ ಇದ್ದವು. ಬಗ್ಗಿ ತಮ್ಮ ಬಲಗಾಲನ್ನು ನೋಡುತ್ತಿದ್ದರು, ಅದು ಬೇರೆ ಯಾರದೋ ಎಂಬಂತೆ.

ಬಾಪೂ ಮಿಸ್ತ್ರಿ ಕೈ ಒರೆಸಿಕೊಳ್ಳಲು ಅರಿವೆ ತೆಗೆದುಕೊಂಡು ಬಾಗಿಲ ಕಡೆ ಬಂದರು. ಆಗ ಅವರ ಹೆಬ್ಬೆರಳು ಕಂಡೆ. ಕರಿ ಎಣ್ಣೆಯ ನಡುವೆ ಹಳದಿ.

ಆ ಹಳದಿಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಹೇಳಬೇಕು. ಹೇಳಿದರೆ ದೇವರ ಭಂಡಾರವೇ ಕೆಟ್ಟದ್ದು ಮಾಡಿತೆಂದು ನನ್ನ ಬಾಯಿಂದ ಅಂದಂತೆ. ಅತ್ತೆ ಬೇಡವೆಂದರೂ ಹಾಕಿದವಳು ನಾನು. ಅಂಗಳದಲ್ಲಿ ಮಾವನವರು, ಪರ ಊರಿನ ಗಂಡಸು. ಹೇಳದಿದ್ದರೆ ನಾಳೆ ಗಾಡಿ ಹೋಗುತ್ತದೆ. ನಿಮ್ಮ ಮುತ್ಯಾ ಜನ್ಮವೆಲ್ಲ ಕಟ್ಟೆಯ ಮೇಲೆ ಕುಳಿತು ಆ ಕಾಲನ್ನು ನೋಡುತ್ತಾರೆ.

"ಅಣ್ಣಾರ" ಎಂದೆ. ಎಂದೆನೆಂದು ನಾನು ತಿಳಿದದ್ದು. ಸ್ವರ ಹೊರಡಲೇ ಇಲ್ಲ. ಅಲ್ಲದೆ ಅವರಿಗೆ ಕಿವಿಯಿಲ್ಲ. ಮುಖ ತೋರಿಸದೆ ಬೇರೆ ದಾರಿಯಿಲ್ಲ. ಬಾಗಿಲ ಮರೆಯಿಂದ ಒಂದು ಹೆಜ್ಜೆ ಹೊರಗೆ ಬಂದು, ಹಣೆಯವರೆಗೆ ಇಳಿದಿದ್ದ ಸೆರಗನ್ನು ಹಿಂದಕ್ಕೆ ಸರಿಸಿದೆ. ತುಟಿಗಳಷ್ಟೇ ಆಡಿದವು. "ಅದು ಭಂಡಾರ. ಒಳಗ ನಾ ಹಾಕೀನಿ. ಮೂರ ಅಮಾಸಿ."

ಗಂಟಲಿಲ್ಲದವಳ ಮಾತನ್ನು ಕಿವಿಯಿಲ್ಲದವರು ಕೇಳಿಸಿಕೊಂಡರು. ಅಂಗಳದಲ್ಲಿ ಬೇರೆ ಯಾರಿಗೂ ಏನೂ ಕೇಳಿಸಲಿಲ್ಲ.

ಅವರು ತಮ್ಮ ಹೆಬ್ಬೆರಳು ನೋಡಿಕೊಂಡರು. ನನ್ನ ಮುಖ ನೋಡಿದರು. "ಥಾಂಬ!" ಎಂದು, ತಡಿ ಎಂಬುದನ್ನು ಮರಾಠಿಯಲ್ಲಿ, ತಮಗೆ ತಾವೇ ಕೂಗಿಕೊಂಡು ತಿರುಗಿ ಓಡಿದರು.

"ನಾ ಎಂಥಾ ಮಂಗ್ಯಾರೀ! ನಾನ ಎಳದ್ನಿ, ನಾನ ತಿರಗಿ ತಂದಿಟ್ನಿ. ಬಿಟ್ಟ ನೋಡ್ಲೇ ಇಲ್ಲ! ಸಾವಕಾರ್ರ, ಬರ್ರಿ ಇಲ್ಲೆ. ತಮ್ಮಾ, ನೀನೂ ಇಳದ ಬಾ. ಸೀಟಿನ್ಯಾಗ ಯಾರೂ ಇರಬ್ಯಾಡ್ರಿ."

ಮುತ್ಯಾ ಕುಂಟುತ್ತ ಬಂದು ನಿಂತರು. ಮಿಸ್ತ್ರಿ ಆ ತೋಳನ್ನು ಎಳೆದು, ಈ ಸಲ ಕೈಯನ್ನು ಪೂರಾ ತೆಗೆದು ಮೇಲೆತ್ತಿ ಹಿಡಿದರು. ಎಂಜಿನ್ನು ಕೂಗಿತು. ಕೂಗುತ್ತಲೇ ಇತ್ತು. ಯಾರ ಕೈಯೂ ಅದರ ಮೇಲಿಲ್ಲ, ಯಾರ ಕಾಲೂ ಇಲ್ಲ. ಸೀಟು ಬರಿದಾಗಿದೆ. ಎಳೆದಿಟ್ಟ ತೋಳು ನಿದ್ದೆಗಣ್ಣಿನಲ್ಲಿ ಏಳುವ ಮಗುವಿನ ಹಾಗೆ ಒಂದಿಷ್ಟೊಂದಿಷ್ಟೇ ಹಿಂದೆ ಸರಿಯುತ್ತಿದೆ. ನಾನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು.

"ಎಲ್ಲೈತ್ರಿ ಇದರಾಗ ಕಾಲು?" ಎಂದರು ಬಾಪೂ ಮಿಸ್ತ್ರಿ.

ಮಾವನವರು ಬಾಗಿ ಬರಿದಾದ ಸೀಟನ್ನು ನೋಡಿದರು.

ಮಿಸ್ತ್ರಿ ತಂತಿ ಬಿಡಿಸಿ ಎಂಜಿನ್ ಬಂದ್ ಮಾಡಿ ಸ್ಕ್ರೂಡ್ರೈವರಿನ ತುದಿಯಿಂದ ತೋಳಿನ ಬುಡವನ್ನು ಕೆರೆದರು. ಎಣ್ಣೆ, ಕಾಯಿನೀರು, ಭಂಡಾರ ಎಲ್ಲ ಕೂಡಿ ಬಿಸಿಗೆ ಕುದ್ದು, ಹೋಳಿಗೆಯ ಹೂರಣ ತಳಹಿಡಿದಂತೆ ಗಟ್ಟಿಯಾಗಿತ್ತು. ತೋಳನ್ನು ಹಿಂದಕ್ಕೆ ಎಳೆಯಬೇಕಾದ ಸಣ್ಣ ಸ್ಪ್ರಿಂಗಿನ ಸುತ್ತುಗಳಲ್ಲೂ ಅದೇ ತುಂಬಿತ್ತು. ಇಷ್ಟು ದೊಡ್ಡ ಗಾಡಿ, ಅದರೊಳಗೆ ಏಳು ಮಂದಿ, ಮುಂದೆ ಕುರಿ ಹಿಂಡು. ಎಲ್ಲರ ಜೀವವೂ ಕಿರುಬೆರಳಿನ ಅರ್ಧದಷ್ಟಿಲ್ಲದ ಆ ತಂತಿಯ ಸುರುಳಿಗೆ ನೇತುಬಿದ್ದಿತ್ತು. ನಾನು ಬಾಗಿಲಲ್ಲೇ ನಿಂತು ಬೆರಗಾಗಿ ನೋಡಿದೆ. ಮರೆಗೆ ಸರಿಯಬೇಕೆಂಬುದೇ ಮರೆತುಹೋಗಿತ್ತು.

"ಏನದು?" ಎಂದರು ಮಾವನವರು.

ಮಿಸ್ತ್ರಿ ನನ್ನ ಕಡೆ ನೋಡಲಿಲ್ಲ. "ಧೂಳ್ರಿ. ರಸ್ತಾದ್ದು" ಎಂದರು.

ದಿಗ್ಗೇವಾಡಿಯ ರಸ್ತೆಯ ಧೂಳು ಯಾವ ಬಣ್ಣದ್ದೆಂದು ಅದರಲ್ಲೇ ಬೆಳೆದವರಿಗೆ ಗೊತ್ತಿಲ್ಲವೇ? ಮಾವನವರು ಅಂಗೈ ಚಾಚಿದರು. ಮಿಸ್ತ್ರಿ ಕೆರೆದ ಹಳದಿ ಹೆಕ್ಕಳಿಕೆಯನ್ನು ಅದರಲ್ಲಿಟ್ಟರು. ಮಾವನವರು ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಬಾಗಿಲಲ್ಲಿ ಸೆರಗು ಸರಿದು ನಿಂತ ನನ್ನನ್ನು ನೋಡಿದರು.

ಮಾವನವರು ಆ ಹೆಕ್ಕಳಿಕೆಯನ್ನು ಚಿಟಿಕೆಯಲ್ಲಿ ಹಿಡಿದು, ಎಂಜಿನ್ ಎಣ್ಣೆಯ ಸಮೇತ, ತಮ್ಮ ಹಣೆಗೆ ಹಚ್ಚಿಕೊಂಡರು. ಭಂಡಾರವನ್ನು ನೆಲಕ್ಕೆ ಒಗೆಯುವಂತಿಲ್ಲವಲ್ಲ. ಬಿಳಿ ಹುಬ್ಬುಗಳ ನಡುವೆ ಕರಿ ಹಳದಿ ಪಟ್ಟೆ ಮೂಡಿತು.

ಬಾಪೂ ಮಿಸ್ತ್ರಿ ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಎಲ್ಲವನ್ನೂ ತಿಕ್ಕಿ ತೊಳೆದರು. "ಇದರ ಜೀವಾ ಹೋಗೈತಿ" ಎಂದು ಹಳೆಯ ಸ್ಪ್ರಿಂಗನ್ನು ಕಟ್ಟೆಯ ಮೇಲಿಟ್ಟು, ಚೀಲದಿಂದ ಹೊಸದನ್ನು ತೆಗೆದು ಸಿಕ್ಕಿಸಿದರು. ತೋಳನ್ನು ಎಳೆದು ಬಿಟ್ಟರು. ಟಕ್ ಎಂದು ಹಿಂದೆ ಹೋಯಿತು.

"ಕೀಲಿ?" ಎಂದರು.

ಮಾವನವರು ಗಂಟಲು ಸರಿಪಡಿಸಿಕೊಂಡರು. ಗೋಡೆಯ ಕಡೆ ತಿರುಗಲಿಲ್ಲ. "ಯಾರರ" ಎನ್ನಲಿಲ್ಲ.

"ಏ ನಮ್ಮವ್ವಾ" ಎಂದರು ನನಗೆ. "ಜಗಲಿ ಮ್ಯಾಗ ಕೀಲಿ ಐತಿ. ತಂದ ಅವನ ಕೈಯಾಗ ಕೊಡು."

ಒಳಗೆ ಹೋದೆ. ಕೀಲಿಗೂ ಭಂಡಾರ ಅಂಟಿತ್ತು. ಈ ಸಲ ನಾನು ಅದನ್ನು ಸೆರಗಿನ ಚುಂಗಿನಿಂದ, ಹಲ್ಲು ಹಲ್ಲಿನ ಸಂದಿಯಲ್ಲೂ ಒರೆಸಿ ಒರೆಸಿ ತೆಗೆದೆ. ಬರುವಾಗ ಕಟ್ಟೆಯ ಮೇಲಿನ ಸ್ಪ್ರಿಂಗನ್ನೂ ಎತ್ತಿ ಸೆರಗಿಗೆ ಗಂಟುಹಾಕಿಕೊಂಡೆ; ಸಂಜೆ ದೀಪ ಹಚ್ಚುವಾಗ ಅದನ್ನು ಈ ಡಬ್ಬಿಯ ಭಂಡಾರದೊಳಗಿಟ್ಟೆ.

ನಿಮ್ಮ ಮುತ್ಯಾ ಕೀಲಿ ತೆಗೆದುಕೊಂಡು ಸೀಟಿನಲ್ಲಿ ಕುಳಿತರು. ಚಪ್ಪಲಿ ಕಳಚಿ ಹೊರಗೆ ಇಟ್ಟರು. ಬರಿಗಾಲಿನಿಂದ ಒತ್ತಿದರು, ಎಂಜಿನ್ನು ಕೂಗಿತು. ಬಿಟ್ಟರು. ನಾನು "ಒಂದು" ಎನ್ನುವಷ್ಟರಲ್ಲಿ ಇಳಿದು ತಣ್ಣಗಾಯಿತು. ಮತ್ತೆ ಒತ್ತಿದರು, ಮತ್ತೆ ಬಿಟ್ಟರು. ಹತ್ತು ಸಲ, ಹದಿನೈದು ಸಲ. ಎಮ್ಮೆಗಳು ಹಗ್ಗ ಜಗ್ಗುವುದನ್ನು ಬಿಟ್ಟು ನೋಡತೊಡಗಿದವು. ಮಾವನವರು ಹಣೆಯ ಪಟ್ಟೆ ಒರೆಸಿಕೊಳ್ಳದೆ ಹೋಗಿ ಪಕ್ಕದ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡರು.

ಹೊರಡುವ ಮೊದಲು ಮುತ್ಯಾ ಸ್ಟೇರಿಂಗಿನಿಂದ ಕೈ ತೆಗೆದರು. ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಎಡತೊಡೆಯ ಮೇಲಿಟ್ಟುಕೊಂಡು, ಸ್ಪರ್ಶವಿಲ್ಲದ ಆ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಬಳಿಕ ಮೆಲ್ಲಗೆ ಕೆಳಗಿಟ್ಟು ಗಾಡಿ ತೆಗೆದರು.